ಲಾರಿಯಲ್ಲಿ ಹೋದವರು

ಮಾರ್ಚ್ 4, ಬೆಳಿಗ್ಗೆ

ಈ ದೇಶಕ್ಕೆ ಸ್ವಾತಂತ್ರ್ಯ ತಂದವರಲ್ಲಿ ನಾನೂ ಒಬ್ಬ. ಆಗ ಇನ್ನೂ ಹುಟ್ಟಿರಲಿಲ್ಲ, ಅಷ್ಟೇ ಕೊರತೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇಷ್ಟೆಲ್ಲ ತಿಳಿದದ್ದು ಆಡಿಯೋ ಪುಸ್ತಕದ ಮಹಿಮೆ. ಅಕ್ಕನ ಮಗಳು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ — ದೇಶದ ಇಡೀ ಚರಿತ್ರೆ. ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನದಕ್ಕೆ. ಸ್ವಲ್ಪ ಹೊತ್ತು ಕೇಳಿ ವೆಲ್ಡಿಂಗ್ ಅಂಗಡಿಗೆ ಹೊರಡುವುದು.

ಇವತ್ತೂ ಅದೇ ಪ್ರಶ್ನೆ. "ಗಿರಣಿ ಮುಷ್ಕರ ಬಂತೇನೋ?"

"ಇನ್ನೂ ರಾಜರೇ ಸತ್ತಿಲ್ಲ ಕಣೇ. ತಡಿ."

ಆ ಮುಷ್ಕರದಲ್ಲೇ ಭಾವನನ್ನು ಪೊಲೀಸರು ಲಾರಿ ಹತ್ತಿಸಿದ್ದು. ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಪುಸ್ತಕದಲ್ಲಾದರೂ ಹೆಸರು ಬಂದೀತೆಂದು ಅಕ್ಕ ಕಾಯುತ್ತಿದ್ದಾಳೆ.

ಮಾರ್ಚ್ 11

ಅಂಗಡಿಯಲ್ಲಿ ಕದ್ದು ಮುಂದಕ್ಕೆ ಕೇಳಿದೆ. ಆ ವರ್ಷ ಬಂತು. ಮಂತ್ರಿಗಳ ಜಗಳಕ್ಕೆ ಒಂದು ಇಡೀ ಅಧ್ಯಾಯ. ಮುಷ್ಕರಕ್ಕೆ ಒಂದೇ ವಾಕ್ಯ — "ಅಲ್ಲಲ್ಲಿ ಮುಷ್ಕರಗಳು ನಡೆದವು, ಸರ್ಕಾರ ಅವನ್ನು ಹತ್ತಿಕ್ಕಿತು." ಆಮೇಲೆ ಚುನಾವಣೆ.

ಹಿಂದಕ್ಕೆ ತಂದು ಮತ್ತೆ ಕೇಳಿದೆ. ಅಷ್ಟೇ. ಗೇಟಿನ ಕಂಬಿ ಸೊಟ್ಟಗೆ ಬೆಸೆದು ಗಿರಾಕಿಯ ಕೈಲಿ ಬೈಸಿಕೊಂಡೆ.

ಅಕ್ಕನಿಗೆ ಏನು ಹೇಳಲಿ...

ಮಾರ್ಚ್ 14

ಉಪಾಯ ಹೊಳೆಯಿತು. ಪುಸ್ತಕದವನು ಬರೆಯದಿದ್ದರೇನು, ನಾನೇ ಬರೆದೆ. ಒಂದು ಪುಟ. ಅವನಿಗಿಂತ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಆಟೋಗೆ ಮೈಕು ಕಟ್ಟಿಕೊಂಡು ಬಟ್ಟೆ ಅಂಗಡಿಯ ರಿಯಾಯಿತಿ ಕೂಗುವವನ ಕೈಲಿ ಫೋನಿಗೆ ಓದಿಸಿದೆ. ಗಂಭೀರ ಗಂಟಲು. ಥೇಟ್ ಪುಸ್ತಕದ ಧ್ವನಿ.

ಮಾರ್ಚ್ 20

ಆ ವಾಕ್ಯಕ್ಕೆ ಮುಂಚೆಯೇ ನಿಲ್ಲಿಸಿ ನನ್ನ ಪುಟ ಹಾಕಿದೆ. ಭಾವನ ಹೆಸರು ಬಂತು. ಆರಡಿ ಎತ್ತರದ ಆ ವೀರ ಲಾರಿ ಹತ್ತುವಾಗಲೂ ಎದೆಯುಬ್ಬಿಸಿದ್ದನೆಂದು ಬಂತು. ಮುಗಿದ ಮೇಲೆ ಅಕ್ಕ ಇಯರ್‌ಫೋನ್ ತೆಗೆದಳು.

"ನಿನ್ ಭಾವ ನನ್ನಷ್ಟೂ ಎತ್ತರ ಇರ್ಲಿಲ್ಲ."

"ಪುಸ್ತಕ ಬರೆದೋರಿಗೆ ಗೊತ್ತಿರಲ್ವೇನೇ?"

"ದಿನಾ ಕಿಟಕಿ ಕೆಳಗೆ 'ಒಂದು ಕೊಂಡರೆ ಒಂದು ಉಚಿತ' ಅಂತ ಅರಚ್ತಾನಲ್ಲೋ ಇವ್ನು. ನಂಗೆ ಹೋಗಿರೋದು ಕಣ್ಣು ಕಣೋ ಕತ್ತೆ, ಕಿವಿ ಅಲ್ಲ."

ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ — "ಇನ್ನೊಂದ್ಸಲ ಹಾಕು."

ಮಾರ್ಚ್ 27

ದೇಶದ ಚರಿತ್ರೆ ಅಲ್ಲೇ ನಿಂತಿದೆ. ಅವಳಿಗೆ ದಿನಾ ನನ್ನ ಪುಟವೇ ಬೇಕು. ಇವತ್ತು ತಕರಾರು ತೆಗೆದಳು.

"ಲಾರೀಲಿ ನಿನ್ ಭಾವ ಒಬ್ನೇ ಹೋದ್ನಾ? ಹನ್ನೊಂದು ಜನ ಇದ್ರು. ಅವರ್ದೂ ಓದ್ಸು. ಹೆಸರು ಹೇಳ್ತೀನಿ, ಬರ್ಕೋ."

"ಬರ್ಕೊಳ್ಳೋದೇನು? ಹನ್ನೊಂದೂ ನಂಗೆ ಬಾಯಿಪಾಠ."

"ಹೌದಾ? ಹೇಳು ನೋಡೋಣ."

"ಅಂಗಡಿಗೆ ಹೊತ್ತಾಯ್ತು" ಎಂದು ಜಾರಿಕೊಂಡೆ. ಭಾನುವಾರ ಮಾತಿಗೆಳೆದು ಅವಳ ಬಾಯಿಂದಲೇ ಹೊರಡಿಸಿದರಾಯಿತು.

ಏಪ್ರಿಲ್ 9

ಭಾನುವಾರ ಬರಲಿಲ್ಲ. ಶನಿವಾರವೇ ಅಕ್ಕನಿಗೆ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ಕಿವಿಗೆ ಬಾಗಿ ಕೇಳಿದೆ — "ಹೇಳೇ ಅಕ್ಕ, ಬರ್ಕೋತೀನಿ." ತುಟಿ ಅಲುಗಿತು. ಒಂದೊಂದು ಸಲ ಅಲುಗಿದಾಗಲೂ ನನ್ನ ಅಂಗೈಯನ್ನು ಬೆರಳಿನಿಂದ ಒತ್ತಿದಳು.

"ಏನಂತಿದಾಳೆ ಮಾಮ, ಅಮ್ಮ?" ಎಂದಳು ಅವಳ ಮಗಳು.

"ಹೆಸರು ಹೇಳ್ತಿದಾಳೆ."

ಒಂದೂ ಕೇಳಿಸಲಿಲ್ಲ. ಮೊನ್ನೆ ಹೋದಳು.

ಏಪ್ರಿಲ್ 12, ಮಧ್ಯಾಹ್ನ

ಮೈಕಿನವನು ಬಂದಿದ್ದ. "ಅಣ್ಣ, ಎರಡನೇ ಪುಟ ಇದೆ ಅಂದಿದ್ರಲ್ಲ. ಕೊಡಿ, ಓದ್ತೀನಿ." ನಾಳೆ ಬಾ ಎಂದೆ.

ಬರೆಯಲು ಕೂತೆ. ಭಾವನ ಹೆಸರು ಬರೆದೆ. ಅವನ ಪಕ್ಕದ ಮಗ್ಗದವನದು ಬರೆದೆ. ಉಗ್ಗು ಮೇಸ್ತ್ರಿಯದು ಬರೆದೆ. ನಾಲ್ಕನೆಯವನು... ಅವನ ನಗು ನೆನಪಿದೆ, ಸೈಕಲ್ಲು ನೆನಪಿದೆ. ಹೆಸರಿಲ್ಲ.

ಪುಸ್ತಕದವನನ್ನು ಎಷ್ಟು ಬೈದಿದ್ದೆ.

ಹನ್ನೊಂದೂ ಬಾಯಿಪಾಠ ಎಂದಿದ್ದೆನಲ್ಲ — ಬರುವುದು ಮೂರೇ. ಕಳೆದದ್ದು ಎಂಟು. ಅಕ್ಕನನ್ನೂ ಸೇರಿಸಿದರೆ ಒಂಬತ್ತು.