ತುಟಿಯಲ್ಲಿ ಹೇಳಿದ್ದು

ಗೊಲ್ಲಾಳಪ್ಪಾ,

ನೀನು ಸತ್ತು ಮೂರು ವರ್ಷವಾಯಿತು. ಆದರೂ ಇವತ್ತು ಕಾಲೇಜಿನಲ್ಲಿ ನಡೆದದ್ದನ್ನು ನಿನಗೇ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳ ಪಾಠವಿತ್ತು. ಉಗಿಯಂತ್ರ ಬಂದು ಹಳ್ಳಿಗಳು ಖಾಲಿಯಾದವು, ದೊಡ್ಡಮನೆಗಳ ಮದುವೆಯ ಕಥೆ ಬರೆಯುತ್ತಿದ್ದವರು ಹೊಗೆ, ಹಸಿವು, ಹರತಾಳ ಬರೆಯಬೇಕಾಯಿತು ಎಂದು ವರ್ಷವೂ ಒದರುವುದನ್ನೇ ಒದರಿದೆ. ಬಟ್ಟೆ ಮಿಲ್ಲಿನ ಮಗ್ಗಗಳ ಗದ್ದಲದಲ್ಲಿ ಕೂಲಿಯವರು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದರು ಎಂದೂ ಸೇರಿಸಿದೆ. ಅದು ನಮ್ಮ ಪಠ್ಯದಲ್ಲಿಲ್ಲ, ನಿನ್ನಿಂದ ತಿಳಿದದ್ದು.

ನಿಡೋಣಿಯ ಅಮರಪ್ಪ ಎಂಬ ವಿದ್ಯಾರ್ಥಿ ಎದ್ದು ನಿಂತ. "ದನೀನ ಇಲ್ಲಂದ್ರ, ಅವರು ಏನಂದ್ರು ಅಂತ ಕಾದಂಬರಿ ಬರದವರಿಗೆ ಹ್ಯಾಂಗ ತಿಳೀತ್ರಿ, ಸರ?"

"ಹತ್ತಿರ ನಿಂತು ನೋಡಿದವರಿಗೆ ತಿಳೀತದ" ಎಂದೆ. ಮುಂದೆ ಪಾಠ ಮಾಡಲಾಗಲಿಲ್ಲ.

ಸೊಲ್ಲಾಪುರದ ಮಿಲ್ಲಿನಿಂದ ರಜೆಗೆ ಊರಿಗೆ ಬಂದಾಗಲೆಲ್ಲ ನೀನು ನಮ್ಮ ಮನೆಯಲ್ಲೂ ಹಾಗೇ ತುಟಿ ಅಲ್ಲಾಡಿಸುತ್ತಿದ್ದೆ. "ಬಾಯಿ ಬಿಟ್ಟ ಹೇಳಲೇ, ಇದೇನ ಮಿಲ್ಲಲ್ಲ" ಎಂದು ನಾನು ಸಿಡುಕುತ್ತಿದ್ದೆ. ಕೊನೆಯ ಸಲ ವಿಜಾಪುರದ ಸ್ಟೇಷನ್ನಿನಲ್ಲಿ, ರಾತ್ರಿಯೆಲ್ಲ ಕೆಮ್ಮಿದ್ದ ನೀನು ಗಾಡಿಯ ಕಿಟಕಿಯಿಂದ ತುಟಿಯಲ್ಲೇ ಏನೋ ಕೇಳಿದೆ. ನಾನು ಒಂದು ಮೊಳ ದೂರದಲ್ಲಿದ್ದೆ. ತಿಳಿಯಲಿಲ್ಲ. ಕ್ಲಾಸಿಗೆ ಹೊತ್ತಾಗಿತ್ತು.

"ಹೂಂ, ಹೂಂ" ಎಂದು ತಲೆಯಾಡಿಸಿದೆ.

ನಿನ್ನ ಮುಖ ಎಷ್ಟು ಹಗುರಾಯಿತೋ! ನೀನು ಕಣ್ಣೊರೆಸಿಕೊಂಡು ಹಿಂದಕ್ಕೆ ಒರಗಿದೆ, ಗಾಡಿ ಹೊರಟಿತು. ತಿಂಗಳೊಳಗೆ ಮಿಲ್ಲಿನಿಂದ ನಿನ್ನ ಸುದ್ದಿ ಬಂತು.

ನಾಳೆ ಇನ್ನೊಂದು ವರ್ಗಕ್ಕೆ ಇದೇ ಪಾಠ.

ಗೊಲ್ಲಾಳಪ್ಪಾ, ನಿನಗೆ ನಾನು ಮಾತು ಕೊಟ್ಟಿದ್ದೇನೆ. ಏನೆಂದು ಗೊತ್ತಿಲ್ಲ.

ನಿನ್ನ
ಗೆಳೆಯ ಗುರುಪಾದಯ್ಯ