ಕಾಕಾ, ನಿಮ್ಮ ಗೇರ್ ಬಿಚ್ಚಿಸೀನಿ

ಕಾಕಾ,

ಈ ಸಲ ಪಾದಕ್ಕ ನಮಸ್ಕಾರ ಅಂತ ಬರಿಯೂದಿಲ್ಲ. ನೀವು ಹೋಗಿ ವರ್ಷಾತು. ಇದ್ದಾಗ ನಿಮ್ಮ ಮುಂದ ನಾ ದನಿ ಎತ್ತಲಿಲ್ಲ, ಈಗ ಎತ್ತಿದ್ರ ಕೇಳಲಿಕ್ಕ ನೀವಿಲ್ಲ. ಆದ್ರೂ ಮಾತಿಗೊಮ್ಮೆ ‘ರಿ’ ಅನ್ನೂದು ಬಿಡಲಿಕ್ಕ ಆಗವಲ್ದು ನೋಡ್ರಿ. ಹಾಳು ರೂಢಿ.

ಮೈಲೂರ ಮನಿ ಗ್ವಾಡಿಗಿ ತೂಗುಹಾಕಿದ್ದ ನಿಮ್ಮ ಬಿಳಿ ರೇಸ್ ಸೈಕಲ್ ಕಾಕಿ ನನಗ ಕೊಟ್ರು. “ಒಯ್ಯಿ ಸುನೀತಾ, ಇದರ ಧೂಳ ಒರೆಸಿ ಒರೆಸಿ ಸಾಕಾಗೇದ” ಅಂದ್ರು. ಕೆಳಗ ಇಳಸೂ ಮುಂದ ಭಾರ ಎಲ್ಲಾ ಎಡಗೈ ಮ್ಯಾಲೇ ಹಾಕೊಂಡೆ. ನನ್ನ ಬಲಗೈ ಮುರದದ್ದು ಅದೇ ಸೈಕಲ್ ಮ್ಯಾಲಿಂದ ಬಿದ್ದು. ಮುಂಗೈ ಸೊಟ್ಟ ಕೂಡೇದ, ಗೇರಿನ ಹಿಡಕಿ ಒತ್ತಲಿಕ್ಕ ಎರಡು ಬೆರಳಿಗಿ ಕಸುವಿಲ್ಲ. ಅದಕ್ಕೇ ಎಲೆಕ್ಟ್ರಾನಿಕ್ ಗೇರ್ ಹಾಕಸಬೇಕಂತ ಮಾಡಿದೆ. ಗುಂಡಿ ಮುಟ್ಟಿದ್ರ ಸಾಕು, ಸಣ್ಣ ಮೋಟಾರ್ ಚೈನ್ ಸರಸ್ತದ. ಜೊತಿಗಿ ಪೆಡಲಿನ್ಯಾಗ ಪವರ್ ಮೀಟರ್. ಕಾಲು ಎಷ್ಟು ಜೋರು ಹಾಕ್ತದೋ ಅಷ್ಟು ಅಂಕಿ ತೋರಸೂ ಸಾಮಾನು. ನೀವಿದ್ರ ಏನಂತಿದ್ರಿ? “ಕಾಲಾಗ ದಮ್ ಇಲ್ಲದವರ ಆಟಿಗಿ ಇವು” ಅಂತಿದ್ರಿ, ಅಲ್ಲೇನ್ರಿ?

ನಾ ಬಿದ್ದಾಗ ನನಗ ಹದಿನೇಳು. ರಾಜ್ಯದ ಸೈಕಲ್ ತಂಡದ ಆಯ್ಕೆಗಿ ಇನ್ನ ಹದಿನೈದು ದಿನ. ಔರಾದ್ ರಸ್ತೆದಾಗ ನೀವು ನನಗ ತಾಲೀಮು ಕೊಡ್ಕೋತ ಸ್ಕೂಟರ್ ಮ್ಯಾಲ ಮಗ್ಗಲಕ್ಕ ಬರ್ತಿದ್ರಿ. “ತುಳಿ! ಉಂಡಿದ್ದೆಲ್ಲಾ ಎಲ್ಲಿ ಹೋಗ್ತದ?” ಇಳಕಲು ಮುಗದು ಏರು ಬರೂ ಹೊತ್ತಿಗಿ ಹಗೂರ ಗೇರಿಗಿ ಹಾಕಿದೆ. ಹಿಂದಿನ ಗಾಲಿ ಗಕ್ಕನ ನಿಂತಿತು. ಆಮ್ಯಾಲ ಕಂಡದ್ದು ಡಾಂಬರು. ದವಾಖಾನಿದಾಗ ಅಪ್ಪನ ಮುಂದ ನೀವು ಅಂದ್ರಿ: “ಅಂಜಿ ಬ್ರೇಕ್ ಒತ್ತಿದಳು, ಅಣ್ಣಾ. ರೇಸ್ ಆಡೂ ಎದಿ ಅಲ್ಲ ಇಕಿದು.” ಅಪ್ಪ ನನಗ ಸೈಕಲ್ ಬಿಡಿಸಿದ್ರು. ಅವತ್ತಿಂದ ಲಗ್ನ ಇರಲಿ, ತೊಟ್ಟಿಲ ಇರಲಿ, ನಾಲ್ಕು ಮಂದಿ ಕೂಡಿದಲ್ಲಿ ನೀವು ನನಗ “ಬಾರವ್ವಾ ಬ್ರೇಕ್ ಸುನೀತಾ” ಅಂತಿದ್ರಿ. ಮಂದಿ ನಗ್ತಿದ್ರು. ನಾನೂ ನಗ್ತಿದ್ದೆ.

ಹೋದ ತಿಂಗಳ ಚಿದ್ರಿಗಿ, ಸಲೀಂ ಭಾಯಿ ಅಂಗಡಿಗಿ ಸೈಕಲ್ ಒಯ್ದೆ. ನಿಮ್ಮ ಹಳೇ ಮೆಕ್ಯಾನಿಕ್, ಈಗ ಗಡ್ಡ ಪೂರಾ ಬೆಳ್ಳಗಾಗೇದ. ಹಿಂದಿನ ಗೇರ್ ಬಿಚ್ಚಿ ಕೈಯಾಗ ಹಿಡದು ನನಗ ತೋರಿಸಿದ್ರು.

“ಬೇಟಿ, ಇದು ಎರಡನೇದು. ಮೊದಲನೇದು ನೀ ಬಿದ್ದ ದಿನ ಗಾಲಿ ಕಡ್ಡಿಯಾಗ ಹೊಕ್ಕು ಮುರದಿತ್ತು. ಅದಕ್ಕೇ ಗಾಲಿ ನಿಂತದ್ದು. ಹಿಂದಿನ ದಿನ ನಿನ್ನ ಕಾಕಾ ತಾವೇ ಗೇರ್ ಸೆಟ್ ಮಾಡಿದ್ರು. ಗೇರ್ ಹದ್ದು ಮೀರದಂಗ ತಡಿಯೂ ಸ್ಕ್ರೂ ಇರ್ತದಲ್ಲ, ಅದು ಸಡಲ ಬಿಟ್ಟಿದ್ರು.”

“ಅವರಿಗಿ ಗೊತ್ತಿತ್ತೇನ್ರಿ?”

“ನಾನೇ ತೋರಿಸಿದೆ. ‘ಯಾರ ಮುಂದೂ ಬಾಯಿ ಬಿಡಬ್ಯಾಡ’ ಅಂದ್ರು. ಬಿಡಲಿಲ್ಲ. ನಂದೂ ಗುನ್ಹಾ ಅದ, ಮಾಫ್ ಮಾಡು.”

ಮಾಡೀನಿ. ಅವರಿಗಿ. ನಿಮಗಲ್ಲ. ಸ್ಕ್ರೂ ಸಡಲ ಉಳಿಯೂದು ಯಾರ ಕೈಯಾಗ ಆಗೂದಿಲ್ಲ, ಕಾಕಾ? “ತಪ್ಪಾತು ಸುನೀತಾ” ಅಂದಿದ್ರ ಪ್ಲಾಸ್ಟರ್ ಕಟ್ಟಿದ ಕೈಲೆನೇ ನಿಮಗ ಚಾ ಮಾಡಿ ಕೊಡ್ತಿದ್ದೆ. ಊರೆಲ್ಲಾ ನಿಮಗ ಗುರುಗಳು ಅಂತಿತ್ತು. ಆ ಹೆಸರು ಉಳಿಬೇಕಂತ ಮನಿ ಮಗಳನ್ನ…

ಮೀಟರ್ ಹಚ್ಚಿ ಮೊದಲ ಸಲ ಭಾಲ್ಕಿ ಕಡಿ ಹೋದೆ. ಅಂಕಿ ಛಲೋ ಇರಲಿಲ್ಲ. ಆದ್ರ ಬೈಲಿಲ್ಲ, ಹಂಗಿಸಲಿಲ್ಲ, ನಾ ತುಳದಷ್ಟೇ ತೋರಿಸ್ತು. ನಿಮ್ಮ ಕೈಯಾಗ ನಾಲ್ಕು ವರ್ಷ ಕಲತೆ, ಒಂದು ದಿನನಾದ್ರೂ ಹಂಗ ಇದ್ದದ್ದು ಇದ್ದಂಗ ಹೇಳಿದ್ರೇನ್ರಿ? ಈಗ ಸಾಲಿ ಸೂಟಿ ಇದ್ದಾಗೆಲ್ಲ ಖಟಕ ಚಿಂಚೋಳಿ ತನಾ ಹೋಗಿ ಬರ್ತೇನಿ. ಅಂಕಿ ಏರಲಿಕ್ಕ ಹತ್ತೇದ.

ಅಪ್ಪನ ಮುಂದ ಎಲ್ಲಾ ಹೇಳಿದ ದಿನ, ಅವರು ಊಟದ ತಾಟು ಸರಿಸಿ ನನ್ನ ಮಾರಿ ನೋಡಿದ್ರು. “ಅವತ್ತೇ ಯಾಕ ಹೇಳಲಿಲ್ಲವ್ವಾ? ಬ್ರೇಕ್ ಒತ್ತಿಲ್ಲ ಅಂತ ಒಂದು ಮಾತು…”

“ಹ್ಯಾಂಗ ಹೇಳಲಿ ಅಪ್ಪಾ? ಒತ್ತಿದ್ದು ನಾನೇ ಅಂತ ನಾನೂ ನಂಬಿದ್ದೆ.”

ಅಪ್ಪನಿಗಿ ಉಣ್ಣೂದಾಗಲಿಲ್ಲ. ಕೈ ಮುರದದ್ದಕ್ಕ ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಆಟದ ಟೀಚರ್ ಆಗಿ ಸಾಲಿ ಹುಡುಗ್ಯಾರಿಗಿ “ಅಂಜಬ್ಯಾಡ್ರಿ” ಅಂತ ಹೇಳೂ ಮುಂದ ಇಷ್ಟು ವರ್ಷ ನನಗೇ ನಾಚಿಕಿ ಬರ್ತಿತ್ತಲ್ಲ, ಅದಕ್ಕ.

ನಿಮಗ ಮುಟ್ಟದ ಸುದ್ದಿ ಒಂದದ. ಮೊನ್ನಿ ನಿಮ್ಮ ಶಿಷ್ಯರು ಮನಿಗಿ ಬಂದಿದ್ರು. ಬೀದರದಿಂದ ಭಾಲ್ಕಿಗಿ ಒಂದು ರೇಸ್, ಅದಕ್ಕ ನಿಮ್ಮ ಹೆಸರು. ನಿಮ್ಮ ಅಣ್ಣ ಅಂತ ಅಪ್ಪನ ಒಪ್ಪಿಗಿ ಬೇಕಂದ್ರು. ಜನ್ಮದಾಗ ನಿಮ್ಮ ಮಾತು ತೆಗದು ಹಾಕಿದವರಲ್ಲ ಅಪ್ಪ. ಚಾ ಮುಗಿಸಿ, ಕಪ್ಪು ಕೆಳಗಿಟ್ಟು, “ರೇಸ್ ಇಡ್ರಿ. ಅವನ ಹೆಸರು ಬ್ಯಾಡ” ಅಂದ್ರು. ಯಾಕಂತ ಕೇಳಿದ್ರು ಅವರು. ಅಪ್ಪ ಒಂದೂ ಬಿಡದ ಹೇಳಿದ್ರು. ಒಳಗ ಕಾಕಿನೂ ಇದ್ರು, ಕೇಳಿಸ್ಕೊಂಡ್ರು. ಹೊರಗ ಬಂದು ನಿಂತ್ರು. ಅಪ್ಪನ ಮಾತಿಗಿ ಬ್ಯಾಡ ಅನ್ನಲಿಲ್ಲ.

ಆ ರೇಸಿನ ಹೆಣ್ಮಕ್ಕಳ ಪಟ್ಟಿದಾಗ ಮೊದಲನೇ ಹೆಸರು ನಂದು ಬರಸೀನಿ.

ಸುನೀತಾ