ಬಾಗಿಲು ತೆಗೆದದ್ದು ನಾನೇ

ಸ್ಯಾನ್ ಹೊಸೆ
12-10-1987

ಚಿ. ತಿರುಮಲೇಶನಿಗೆ ಅಕ್ಕನ ಆಶೀರ್ವಾದಗಳು.

ಹೊಸ ಲಾಯರಮ್ಮ ನಿನ್ನೆ ಬಂದಿದ್ದರು. ಫೆಡರಲ್ ಪೊಲೀಸರು ವಾರಂಟಿಲ್ಲದೆ ಮನೆ ಜಾಲಾಡಿದ್ದು ಸಂವಿಧಾನಕ್ಕೆ ವಿರುದ್ಧ, ಹಳೇ ಲಾಯರು ಆ ಮಾತೇ ಎತ್ತಲಿಲ್ಲ, ಆದ್ದರಿಂದ ನಿನ್ನ ಜೈಲು ಶಿಕ್ಷೆ ರದ್ದಾಗಬೇಕು ಅಂತ ಅರ್ಜಿ ಹಾಕುತ್ತಾರಂತೆ. ಮನೆಯ ಹೆಂಗಸೇ ಒಳಗೆ ಕರೆದು ಕಾಫಿ ಕೊಟ್ಟರು, ಅದೇ ಒಪ್ಪಿಗೆ ಅನ್ನುವುದು ಸರ್ಕಾರದವರ ವಾದ.

ಆ ಹೆಂಗಸು ನಾನು. "ಹೆದರಿದ್ದೆ ಅಂದುಬಿಡಿ ಅಕ್ಕಾ" ಅಂತ ನಿನ್ನ ಹೆಂಡತಿ ಪದ್ಮಜಾ ಕಣ್ಸನ್ನೆ ಮಾಡಿದಳು. ನಾನ್ಯಾಕೆ ಹೆದರಲಿ? ಟೈ ಕಟ್ಟಿದ್ದರು, ನಿನ್ನ ಆಫೀಸಿನವರು ಅಂದುಕೊಂಡೆ. ಬಂದವರನ್ನು ಹೊಸಿಲಾಚೆ ನಿಲ್ಲಿಸೋದು ಅಮ್ಮ ನಮಗೆ ಕಲಿಸಲಿಲ್ಲ. ಶೂ ಬಿಚ್ಚಿ ಅಂತ ಕೈ ತೋರಿಸಿದೆ, ಬಿಚ್ಚಿದರು. ಕಾಫಿ ಬೆರೆಸಿ ತರುವಷ್ಟರಲ್ಲಿ ನಿನ್ನ ಬೀರು ತೆಗೆದು ಕಂಪನಿ ಕಾಗದವನ್ನೆಲ್ಲ ನೆಲಕ್ಕೆ ಸುರಿದಿದ್ದರು. ಕೇಸು ನಿಂತದ್ದೇ ಆ ಕಾಗದಗಳ ಮೇಲೆ. ಕೂರಿ ಅಂದರೆ ಬೀರು ತೆಗೆಯಿರಿ ಅಂತ ಅರ್ಥವೇನೋ? ಕೊನೆಗೆ ಕಾಫಿಯನ್ನೂ ಕುಡಿದೇ ಹೋದರು.

ಇದನ್ನೇ ಇದ್ದ ಹಾಗೆ ಅಫಿಡವಿಟ್ಟಿನಲ್ಲಿ ಬರೆಸಿ ಸಹಿ ಹಾಕಿದ್ದೇನೆ. ವಿಚಾರಣೆ ಡಿಸೆಂಬರಿನಲ್ಲಿ. ಮೈಸೂರಿಗೆ ಹೊರಡೋದನ್ನ ಮುಂದಕ್ಕೆ ಹಾಕಿದ್ದೇನೆ, ಜಡ್ಜು ಕೇಳಿದರೆ ಹೇಳಬೇಕಲ್ಲ.

ಒಂದು ಕೆಲಸ ಮಾಡು. ಈಗ ಬೆಲ್ಲು ಹೊಡೆದರೆ ಪದ್ಮಜಾ ನನ್ನನ್ನು ಏಳಗೊಡುವುದಿಲ್ಲ. ಓಡಿಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಅಕ್ಕ ಬಾಗಿಲು ತೆಗೆದದ್ದಕ್ಕೆ ನನಗೆ ಸಿಟ್ಟಿಲ್ಲ ಅಂತ ಅವಳಿಗೆ ಒಂದು ಸಾಲು ಬರೆ.

ಸಿಟ್ಟು ಇಲ್ಲದಿದ್ದರೆ ಮಾತ್ರ ಬರೆ.

ನಿನ್ನ ಅಕ್ಕ,
ವೇದವತಿ